ನಿಂತ ಕಾರಿಗೆ ಬೇಗ ಮುಪ್ಪು: ಹಳೆಯ ಸ್ಪೋರ್ಟ್ಸ್ ಕಾರನ್ನು ನೋಡಿಕೊಳ್ಳುವ ಬಗೆ

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ಮರುದಿನ ಬೆಳಿಗ್ಗೆ ಕಾರಿನ ಬಾಗಿಲು ತೆರೆದೆ. ಒಳಗಿನಿಂದ ನೆನೆದ ಗೋಣಿಚೀಲದ ವಾಸನೆ ಬಂತು. ಆಸನದ ಹಿಂಬದಿಯ ನೆಲಹಾಸಿನ ಮೇಲೆ ಅಂಗೈ ಊರಿದರೆ ಬೆರಳ ಸಂದಿಯಿಂದ ನೀರು ಉಕ್ಕಿತು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿತ್ತಲಲ್ಲಿ, ಹೊಂಗೆಮರದ ನೆರಳಿನಲ್ಲಿ ನಿಂತಿದ್ದ 2007ರ ಪೋರ್ಷೆ ಬಾಕ್ಸ್‌ಸ್ಟರ್ ಅದು. ಆ ವರ್ಷ ಓಡಿದ್ದು 900 ಕಿಲೋಮೀಟರ್ ಕೂಡ ಇಲ್ಲ. ಓಡಿಸದಿದ್ದರೆ ಸವೆಯುವುದಿಲ್ಲ ಎಂಬ ನಂಬಿಕೆಯಲ್ಲಿ ಅದನ್ನು ಜೋಪಾನ ಮಾಡುತ್ತಿದ್ದೆ. ಆ ನಂಬಿಕೆ ತಪ್ಪು.

ಹತ್ತು ಹದಿನೈದು ವರ್ಷ ದಾಟಿದ ಸ್ಪೋರ್ಟ್ಸ್ ಕಾರಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಷ್ಟು ಬೇಗ ಸೋಲುವುದಿಲ್ಲ. ಸೋಲುವುದು ರಬ್ಬರು, ಪ್ಲಾಸ್ಟಿಕ್ಕು, ದ್ರವಗಳು. ಇವು ಕಿಲೋಮೀಟರ್ ನೋಡಿ ಮುಪ್ಪಾಗುವುದಿಲ್ಲ, ಪಂಚಾಂಗ ನೋಡಿ ಮುಪ್ಪಾಗುತ್ತವೆ. ಆದ್ದರಿಂದ ಮೊದಲು ಒಂದು ನೋಟ್‌ಪುಸ್ತಕ ಕೊಳ್ಳಿ. ಯಾವ ಭಾಗ, ಯಾವ ದಿನಾಂಕದಂದು, ಎಷ್ಟು ಕಿಲೋಮೀಟರಿಗೆ ಬದಲಾಯಿತು ಎಂದು ಬರೆಯುತ್ತ ಹೋಗಿ. ಹಳೆಯ ಮಾಲೀಕರಿಂದ ದಾಖಲೆ ಸಿಗದ ಭಾಗದ ಎದುರು ‘ಗೊತ್ತಿಲ್ಲ’ ಎಂದೇ ಬರೆಯಿರಿ. ಮೊದಲ ವರ್ಷದ ಕೆಲಸವೆಲ್ಲ ಆ ‘ಗೊತ್ತಿಲ್ಲ’ಗಳನ್ನು ಅಳಿಸುವುದು.

ಇಲ್ಲಿ ಹೇಳುತ್ತಿರುವುದು ನನ್ನ ಕೈಗೆ ಗೊತ್ತಿರುವ ಕಾರಿನ ಮಾತು. ಆಡಿ ಟಿಟಿ, ಮರ್ಸಿಡಿಸ್ ಎಸ್ಎಲ್‌ಕೆ ಇಟ್ಟುಕೊಂಡವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ನೀರಿನ ದಾರಿ ಬಿಡಿಸಿ

ಬಟ್ಟೆಯ ಚಾವಣಿಯ ಕಾರಿನಲ್ಲಿ ಮಳೆನೀರು ಚಾವಣಿಯ ಹಿಂಬದಿಯಿಂದ ಇಳಿದು ಒಂದು ಸಣ್ಣ ದೋಣಿಯಂಥ ಜಾಗದಲ್ಲಿ ಸೇರುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ತೂತಿನ ಮೂಲಕ ಹಿಂದಿನ ಚಕ್ರಗಳ ಮುಂದೆ ನೆಲಕ್ಕೆ ಬೀಳಬೇಕು. ತೂತು ಕಟ್ಟಿದರೆ ನೀರು ಒಳಗೆ ನುಗ್ಗುತ್ತದೆ. ಬಾಕ್ಸ್‌ಸ್ಟರ್‌ನಲ್ಲಿ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದು ಆಸನದ ಕೆಳಗೆ, ಕಾರಿನೊಳಗೆ ಅತ್ಯಂತ ತಗ್ಗಾದ ಜಾಗದಲ್ಲಿ. ಅದು ನೆನೆದರೆ ಕಾರು ಸ್ಟಾರ್ಟ್ ಆಗುವುದೇ ಇಲ್ಲ. ನನ್ನ ಕಾರಿನಲ್ಲಿ ನೀರು ಆ ಪೆಟ್ಟಿಗೆಗೆ ತಾಗುವಷ್ಟು ಏರಿರಲಿಲ್ಲ. ಒಂದು ಬೆರಳಿನಷ್ಟು ಉಳಿದಿತ್ತು.

ಬಿಡಿಸುವುದು ಹೀಗೆ. ಚಾವಣಿಯನ್ನು ಅರ್ಧ ತೆರೆದು ನಿಲ್ಲಿಸಿ. ದೋಣಿಯ ಎರಡು ತುದಿಗಳಲ್ಲಿರುವ ಎಲೆ, ಮಣ್ಣನ್ನು ಬೆರಳಿನಿಂದ ತೆಗೆಯಿರಿ. ನಾನು ಹೊರತೆಗೆದದ್ದು ಹೊಂಗೆಯ ಹೂವು ಕೊಳೆತು ಕಪ್ಪು ಹಿಟ್ಟಿನಂತಾಗಿದ್ದ ಒಂದು ಹಿಡಿ ಮುದ್ದೆ. ಆಮೇಲೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರವನ್ನು ತೂತಿನೊಳಗೆ ನಿಧಾನವಾಗಿ ಇಳಿಸಿ, ತಿರುಗಿಸಿ, ಹೊರಗೆಳೆಯಿರಿ. ಕಬ್ಬಿಣದ ತಂತಿ ಬೇಡ, ಕೊಳವೆ ಹರಿಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನೂ ಬಿಡಬೇಡಿ, ಒಳಗಿನ ಕೊಳವೆ ಜಾಗ ಬಿಟ್ಟು ಕಳಚಿಕೊಳ್ಳಬಹುದು. ಕೊನೆಗೆ ಒಂದು ಚೊಂಬು ನೀರನ್ನು ಸಣ್ಣ ಧಾರೆಯಾಗಿ ಸುರಿದು, ಬಗ್ಗಿ ಚಕ್ರದ ಮುಂದಿನ ನೆಲ ನೋಡಿ. ಸುರಿದಷ್ಟೂ ಅಲ್ಲಿ ಬೀಳಬೇಕು. ಮೇ ತಿಂಗಳಲ್ಲಿ ಒಮ್ಮೆ, ಹಿಂಗಾರಿಗೆ ಮುಂಚೆ ಇನ್ನೊಮ್ಮೆ. ಹತ್ತು ನಿಮಿಷದ ಕೆಲಸ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬೇಕಾಗಿ ಬರುವುದು ಇಂಥಲ್ಲಿಯೇ.

ಆಯಿಲ್ ಬದಲಿಸಿ, ಫಿಲ್ಟರ್ ಓದಿ

ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ ಅಥವಾ 8,000 ಕಿಲೋಮೀಟರಿಗೆ, ಯಾವುದು ಮೊದಲೋ ಅದಕ್ಕೆ. ಈ ಎಂಜಿನ್ನಿಗೆ ಏಳೆಂಟು ಲೀಟರ್ ಬೇಕು, ಸಣ್ಣ ಕಾರಿನ ಎರಡರಷ್ಟು. ಪೋರ್ಷೆ ಒಪ್ಪಿದ 0ಡಬ್ಲ್ಯು-40 ದರ್ಜೆಯದನ್ನೇ ಹಾಕಿ. ‘ಇನ್ನೂ ಸಾವಿರ ಕಿಲೋಮೀಟರ್ ಕೂಡ ಆಗಿಲ್ಲವಲ್ಲ’ ಎಂದು ಮೆಕ್ಯಾನಿಕ್ ಹೇಳಿದರೂ ಬಿಡಬೇಡಿ. ಸ್ವಲ್ಪ ಸ್ವಲ್ಪ ಓಡಿ ನಿಂತ ಎಂಜಿನ್ನಿನ ಆಯಿಲ್‌ನಲ್ಲಿ ತೇವವೂ ಉರಿಯದ ಪೆಟ್ರೋಲೂ ಬೆರೆತಿರುತ್ತವೆ.

ಹೆಚ್ಚಿನವರು ಮಾಡದ ಕೆಲಸ ಇದರ ನಂತರದ್ದು. ಈ ಕಾರಿನ ಫಿಲ್ಟರ್ ಮಡಿಕೆ ಮಡಿಕೆಯಾದ ಕಾಗದದ ಉರುಳೆ. ಅದನ್ನು ಎಸೆಯದೆ ರಾತ್ರಿಯಿಡೀ ಸೋರಲು ಬಿಡಿ. ಬೆಳಿಗ್ಗೆ ಬ್ಲೇಡಿನಿಂದ ಕಾಗದವನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಸೀರೆಯ ನೆರಿಗೆ ಬಿಡಿಸುವಂತೆ ಬಿಡಿಸಿ ಹಳೆಯ ದಿನಪತ್ರಿಕೆಯ ಮೇಲೆ ಹರಡಿ. ಬಿಸಿಲಿಗೆ ಹಿಡಿದು ಒಂದೊಂದು ಮಡಿಕೆಯನ್ನೂ ನೋಡಿ. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಒಂದೆರಡು ಇದ್ದರೆ ಅದು ಎಂಜಿನ್ನಿನೊಳಗಿನ ಸರಪಳಿ ಜಾರುವ ಹಾದಿಪಟ್ಟಿ ಸವೆದದ್ದು. ಗಾಬರಿ ಬೇಡ, ಮುಂದಿನ ಸಲ ಹೆಚ್ಚಾಗಿದೆಯೇ ಎಂದು ಗಮನಿಸಿ. ಮಿನುಗುವ ಚೂರು ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಉಕ್ಕು, ಅಂದರೆ ಬೇರಿಂಗ್ ಅಥವಾ ಸರಪಳಿ ಸವೆಯುತ್ತಿದೆ. ಆಗ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಈ ಎಂಜಿನ್ ಬಲ್ಲವರನ್ನು ಕರೆಯಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 1997ರಿಂದ 2008ರ ವರೆಗಿನ ಬಾಕ್ಸ್‌ಸ್ಟರ್ ಎಂಜಿನ್‌ಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಗಳ ಸರಪಳಿಗಳನ್ನು ಓಡಿಸುವ ಒಂದು ಮಧ್ಯದ ಶಾಫ್ಟ್ ಇದೆ. ಅದರ ಒಂದು ತುದಿಯ ಬೇರಿಂಗ್ ಒಡೆದರೆ ಇಡೀ ಎಂಜಿನ್ ಹೋಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಇದನ್ನು ಕ್ಲಚ್ ಬದಲಿಸುವಾಗಲೇ ಬದಲಿಸಬಹುದು, ಬದಲಿಸಿಯೇಬಿಡಿ. 2006ರ ನಂತರದವುಗಳಲ್ಲಿ ಬೇರಿಂಗ್ ದೊಡ್ಡದು, ಗಟ್ಟಿಯೂ ಹೌದು; ಆದರೆ ಎಂಜಿನ್ ಬಿಚ್ಚದೆ ಹೊರಗೆ ಬರುವುದಿಲ್ಲ. 2009ರ ಮಾದರಿಯಿಂದ ಎಂಜಿನ್ ಹೊಸದು, ಆ ಶಾಫ್ಟೇ ಇಲ್ಲ. ಈಗ ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಕೇಳಿದರೆ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ 2009ರ ನಂತರದ್ದನ್ನೇ ಹುಡುಕಿ. ನನ್ನಂತೆ ಮೊದಲಿನದ್ದು ಇರುವವರು ಫಿಲ್ಟರ್ ಓದುವುದನ್ನು ಹಬ್ಬದಂತೆ ತಪ್ಪದೆ ಆಚರಿಸಿ.

ಮೂತಿಯಲ್ಲಿ ಸೇರಿದ ಕಸ

ಎಂಜಿನ್ ಆಸನಗಳ ಹಿಂದೆ ಇದ್ದರೂ ಅದನ್ನು ತಣಿಸುವ ರೇಡಿಯೇಟರ್‌ಗಳು ಕಾರಿನ ಮೂತಿಯಲ್ಲಿವೆ, ಬಂಪರಿನ ಎರಡು ಬಾಯಿಗಳ ಹಿಂದೆ. ಆ ಬಾಯಿಗಳು ನೆಲಕ್ಕೆ ಹತ್ತಿರ. ನಮ್ಮ ಜಿಲ್ಲೆಯಲ್ಲಿ ಜಲ್ಲಿ ಕ್ರಷರ್‌ಗಳಿವೆ, ಟಿಪ್ಪರ್‌ಗಳಿವೆ, ರಸ್ತೆ ಬದಿಯಲ್ಲಿ ನೀಲಗಿರಿ ಮರಗಳಿವೆ. ಎಲೆ, ಪ್ಲಾಸ್ಟಿಕ್ ಕವರ್, ಕಲ್ಲಿನ ದೂಳು ಎಲ್ಲವೂ ಆ ಬಾಯಿಗೆ ಹೋಗಿ ಎ.ಸಿ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕೂರುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಚೊಕ್ಕಟವಾಗಿಯೇ ಕಾಣುತ್ತದೆ. ಅಲ್ಲಿ ತೇವ ಹಿಡಿದ ಎಲೆ ಅಲ್ಯೂಮಿನಿಯಂ ಅನ್ನು ತಿನ್ನುತ್ತ ಹೋಗುತ್ತದೆ.

ಎರಡು ವರ್ಷಕ್ಕೊಮ್ಮೆ ಮುಂದಿನ ಬಂಪರ್ ಬಿಚ್ಚಿಸಿ. ಕಂಡೆನ್ಸರಿನ ಸ್ಕ್ರೂಗಳನ್ನು ಸಡಿಲಿಸಿ, ಕೊಳವೆ ಕಳಚದೆ ಅದನ್ನು ಮೂರು ಬೆರಳಿನಷ್ಟು ಮುಂದಕ್ಕೆ ವಾಲಿಸಿ. ಒಣ ಕಸವನ್ನು ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದುಕೊಂಡು, ಮೆತ್ತನೆಯ ಬ್ರಷ್ ಆಡಿಸಿ, ಕೊನೆಗೆ ಹಿಂಬದಿಯಿಂದ ಮುಂದಕ್ಕೆ ಸಣ್ಣಗೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಸಿಡಿಸಿದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮತ್ತೆ ಜೋಡಿಸುವಾಗ ಬಾಯಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿದರೆ ಮುಂದಿನ ಸಲದ ಕೆಲಸ ಅರ್ಧಕ್ಕಿಳಿಯುತ್ತದೆ.

ಫ್ಯಾನ್ ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರುವಾಗ ಎ.ಸಿ. ಹಾಕಿ ಮುಂದೆ ಹೋಗಿ ಕಿವಿಗೊಡಿ. ಎರಡೂ ಬದಿಯ ಫ್ಯಾನ್‌ಗಳು ನಿಧಾನದ ವೇಗದಲ್ಲಿ ತಿರುಗಬೇಕು. ಒಂದು ಸುಮ್ಮನಿದ್ದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ದೇವನಹಳ್ಳಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಸೂಜಿ ಏರಿದಾಗ ಇದನ್ನು ಕಂಡುಕೊಳ್ಳುವುದಕ್ಕಿಂತ ಮನೆಯ ಅಂಗಳದಲ್ಲೇ ಕಂಡುಕೊಳ್ಳುವುದು ಮೇಲು.

ಇನ್ನು ಕೂಲೆಂಟ್. ಚಿಕ್ಕಬಳ್ಳಾಪುರ, ಕೋಲಾರದ ಕೊಳವೆಬಾವಿಯ ನೀರು ಎಂಥದೆಂದು ಮನೆಯ ಸ್ಟೀಲ್ ಪಾತ್ರೆಯ ತಳದ ಬಿಳಿ ಪದರ ನೋಡಿದವರಿಗೆ ಹೇಳಬೇಕಿಲ್ಲ. ಅದೇ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಮಟ್ಟ ಇಳಿದರೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಸರಿಯಾದ ಕೂಲೆಂಟ್ ಮಾತ್ರ ಹಾಕಿ. ಒಂದು ಬಾಟಲಿ ಡಿಕ್ಕಿಯಲ್ಲಿಯೇ ಇರಲಿ. ಮಟ್ಟ ಪದೇ ಪದೇ ಇಳಿದರೆ ಹಿಂದಿನ ಡಿಕ್ಕಿಯ ನೆಲಹಾಸು ಎತ್ತಿ ನೋಡಿ. ಕೂಲೆಂಟ್ ತೊಟ್ಟಿಯ ಪ್ಲಾಸ್ಟಿಕ್ ವಯಸ್ಸಾದಂತೆ ಸೀಳುತ್ತದೆ, ಸಿಹಿಯಾದ ವಾಸನೆ ಬರುತ್ತದೆ. ವಾಟರ್ ಪಂಪ್ ಕೂಡ ವಯಸ್ಸಿನ ಭಾಗವೇ. ಅದರ ದಾಖಲೆ ‘ಗೊತ್ತಿಲ್ಲ’ ಎಂದಿದ್ದರೆ ಹೊಸದು ಹಾಕಿಸಿ ಮುಗಿಸಿಬಿಡಿ.

ನಂದಿಬೆಟ್ಟ ಇಳಿಯುವ ಮುನ್ನ

ಬ್ರೇಕ್ ದ್ರವ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ದ್ರವಕ್ಕೆ ಇರುವ ಮಿತಿ 155 ಡಿಗ್ರಿ ಮಾತ್ರ. 1,478 ಮೀಟರ್ ಎತ್ತರದ ನಂದಿಯಿಂದ ತಿರುವು ತಿರುವಿಗೂ ಬ್ರೇಕ್ ಒತ್ತಿ ಇಳಿಯುವಾಗ ಈ ಅಂತರ ಕಾಲಿಗೇ ಗೊತ್ತಾಗುತ್ತದೆ: ಕುದಿದ ದ್ರವದಲ್ಲಿ ಗುಳ್ಳೆ ಎದ್ದು ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಇಳಿಯುವಾಗ ಎರಡನೇ ಗೇರ್‌ನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಪಟ್ಟೆ ಎಷ್ಟೇ ಆಳವಿರಲಿ, ತೆಗೆಸಿ. ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಮುಂದಿನ ಮತ್ತು ಹಿಂದಿನ ಟಯರ್‌ಗಳ ಅಳತೆ ಬೇರೆ ಬೇರೆ, ಹಿಂದುಮುಂದು ಮಾಡಿ ಆಯಸ್ಸು ಹೆಚ್ಚಿಸುವಂತಿಲ್ಲ.

ನಿಲ್ಲಿಸುವುದಕ್ಕೂ ಕ್ರಮವಿದೆ

ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆರಿಸುವ ಅಭ್ಯಾಸ ಬಹಳ ಜನರಿಗಿದೆ. ಸುಮ್ಮನೆ ನಿಲ್ಲಿಸುವುದೇ ಅದಕ್ಕಿಂತ ವಾಸಿ. ಐದು ನಿಮಿಷದಲ್ಲಿ ಆಯಿಲ್ ಬಿಸಿಯಾಗುವುದಿಲ್ಲ, ಹುಟ್ಟಿದ ಹಬೆ ಸೈಲೆನ್ಸರ್‌ನಲ್ಲಿಯೂ ಎಂಜಿನ್ನಿನಲ್ಲಿಯೂ ನೀರಾಗಿ ಉಳಿಯುತ್ತದೆ. ಅದರ ಬದಲು ಹದಿನೈದು ದಿನಕ್ಕೊಮ್ಮೆ 30 ಕಿಲೋಮೀಟರ್ ಓಡಿಸಿ. ನಾನು ಬೆಳಗಿನ ಆರು ಗಂಟೆಗೆ ಹೊರಟು ಹೈದರಾಬಾದ್ ಹೆದ್ದಾರಿಯಲ್ಲಿ ಪೆರೇಸಂದ್ರದ ಕಡೆ ಹೋಗಿ ಬರುತ್ತೇನೆ. ನೀರಿನ ಸೂಜಿ ಬೇಗ ಮೇಲೇರುತ್ತದೆ, ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು. ಮೊದಲ ಹದಿನೈದು ನಿಮಿಷ 3,000 ಆರ್‌ಪಿಎಂ ದಾಟಿಸಬೇಡಿ. ಆಮೇಲೆ ಒಮ್ಮೆಯಾದರೂ ಎಂಜಿನ್ ಬಾಯಿಬಿಟ್ಟು ಹಾಡಲಿ, ಅದನ್ನು ಕಟ್ಟಿದ್ದೇ ಅದಕ್ಕಾಗಿ.

ಪೆಟ್ರೋಲಿನಲ್ಲಿ ಈಗ ಶೇ 20ರವರೆಗೆ ಎಥನಾಲ್ ಇರುತ್ತದೆ. ಆ ಕಾಲದ ಕಾರುಗಳು ಇಷ್ಟಕ್ಕೆ ತಯಾರಾದವಲ್ಲ. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಯನ್ನು ಕೆಡಿಸುತ್ತದೆ. ತುಂಬಿಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಕೊಳೆಯಲು ಬಿಡದೆ ಓಡಿಸಿ ಖರ್ಚು ಮಾಡಿ. ವರ್ಷಕ್ಕೊಮ್ಮೆ ಪೆಟ್ರೋಲ್ ಕೊಳವೆಗಳನ್ನು ಬೆರಳಿನಿಂದ ಒತ್ತಿಸಿ ನೋಡಿಸಿ. ಅಂಟಂಟಾಗಿದ್ದರೂ ಬಿರುಕು ಬಿಟ್ಟಿದ್ದರೂ ಅಂದೇ ಬದಲಿಸಬೇಕು. ಈ ಒಂದು ವಿಷಯದಲ್ಲಿ ನಾಳೆ ಎನ್ನಬಾರದು, ಬೆಂಕಿಯ ಮಾತು ಇದು.

ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿಯ ಚಿಲಕ ತೆರೆಯುವುದು ಬ್ಯಾಟರಿಯ ಕರೆಂಟಿನಿಂದ. ಬ್ಯಾಟರಿ ಪೂರ್ತಿ ಇಳಿದರೆ ಬ್ಯಾಟರಿಗೆ ಕೈ ಹಾಕುವ ದಾರಿಯೇ ಮುಚ್ಚುತ್ತದೆ. ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆಳೆಯಬಹುದಾದ ಒಂದು ಕೆಂಪು ತುದಿ ಇದೆ. ಅದಕ್ಕೆ ಬೇರೆ ಬ್ಯಾಟರಿಯ ಪಾಸಿಟಿವ್ ತಂತಿಯನ್ನೂ, ಬಾಗಿಲಿನ ಲೋಹದ ಕೊಂಡಿಗೆ ನೆಗೆಟಿವ್ ತಂತಿಯನ್ನೂ ಕೊಟ್ಟರೆ ಚಿಲಕ ಬಿಡುತ್ತದೆ. ಕತ್ತಲಲ್ಲಿ ಹುಡುಕುವ ಮೊದಲು ಹಗಲಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ. ನಿಂತ ಕಾರಿನ ಬ್ಯಾಟರಿಯನ್ನು ಸದಾ ತುಂಬಿಸಿಡುವ ಸಣ್ಣ ಚಾರ್ಜರ್ ಸಿಗುತ್ತದೆ, ಕೊಂಡುಬಿಡಿ.

ರಾಗಿ ಕೊಯ್ಲು ಮುಗಿದ ಮೇಲೆ ಹೊಲದ ಇಲಿಗಳು ಮನೆಯ ಕಡೆ ಬರುತ್ತವೆ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಟಾರ್ಚ್ ಹಿಡಿದು ಕಾರಿನ ಕೆಳಗೂ ಎಂಜಿನ್ ಸುತ್ತಲೂ ನೋಡಿ. ಕಾರಿನ ಬಳಿ ಧಾನ್ಯ, ಹಿಂಡಿ ಇಡಬೇಡಿ. ಕಚ್ಚಿದ ವೈರನ್ನು ಟೇಪ್ ಸುತ್ತಿ ಬಿಡುವುದು ಕೆಲಸವಲ್ಲ, ಬೆಸುಗೆ ಹಾಕಿಸಿ.

ಭಾಗಗಳು ಮತ್ತು ಕಾಗದ

ಭಾಗಗಳನ್ನು ಕಾರಿನ ಹೆಸರು ಹೇಳಿ ತರಿಸಬೇಡಿ, ಚಾಸಿ ಸಂಖ್ಯೆ ಕೊಟ್ಟು ತರಿಸಿ. ಒಂದೇ ವರ್ಷದ ಎರಡು ಕಾರುಗಳಿಗೂ ಬೇರೆ ಬೇರೆ ಭಾಗ ಹಿಡಿಯುವುದುಂಟು. ಇಗ್ನಿಷನ್ ಕಾಯಿಲ್, ಕ್ಲಚ್, ಫಿಲ್ಟರ್‌ನಂಥವನ್ನು ಮೂಲದಲ್ಲಿ ತಯಾರಿಸುವವರೇ ತಮ್ಮ ಹೆಸರಿನಲ್ಲಿಯೂ ಮಾರುತ್ತಾರೆ, ಬೆಲೆ ಕಡಿಮೆ. ಕಾರು ಕೊಂಡ ಬೆಲೆಯ ಹತ್ತನೇ ಒಂದು ಭಾಗವನ್ನು ಪ್ರತಿ ವರ್ಷ ಎತ್ತಿಡುವುದು ನಾನು ಪಾಲಿಸುವ ಲೆಕ್ಕ. ಅಷ್ಟು ಎತ್ತಿಡಲಾಗದ ವರ್ಷ ಅಂದಚೆಂದದ ಕೆಲಸ ಬಿಟ್ಟು ಬ್ರೇಕ್, ಟಯರ್, ಪೆಟ್ರೋಲ್ ಕೊಳವೆಗೆ ಮಾತ್ರ ಖರ್ಚು ಮಾಡುತ್ತೇನೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅವಧಿ ಮುಗಿಯುವುದಕ್ಕೆ ಮುಂಚಿನ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಹಾಕಿ, ಕಾರನ್ನು ತಪಾಸಣೆಗೆ ಒಯ್ಯಬೇಕು. ಎಂಜಿನ್ ಸಂಖ್ಯೆಯನ್ನು ಅಲ್ಲಿ ನೋಡುತ್ತಾರೆ. ಈ ಕಾರಿನಲ್ಲಿ ಬಾನೆಟ್ ಎತ್ತಿದರೆ ಎಂಜಿನ್ನೇ ಕಾಣುವುದಿಲ್ಲ. ಸಂಖ್ಯೆ ಕೆತ್ತಿರುವುದು ಎಂಜಿನ್ನಿನ ಅಡಿಯಲ್ಲಿ, ಆಯಿಲ್ ತೊಟ್ಟಿಯ ಪಕ್ಕ. ಹಿಂದಿನ ವಾರವೇ ಗ್ಯಾರೇಜಿನಲ್ಲಿ ಕಾರು ಎತ್ತಿಸಿ, ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಅಂಕಿಗಳು ಸ್ಪಷ್ಟವಾಗಿ ಕಾಣುವ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ.