ಹಿನ್ನೀರಿನ ಊರಲ್ಲಿ ಹೋಂಸ್ಟೇ: ಹಣ ಸೇತುವೆ ದಾಟಿ ಹೋಗದಂತೆ

ಶರಾವತಿ ಹಿನ್ನೀರಿನ ನಮ್ಮ ಭಾಗದಲ್ಲಿ ಹೋಂಸ್ಟೇ ಮಾಡಬೇಕೆಂದು ಸಲಹೆ ಕೇಳುವವರಿಗೆ ನಾನು ಮೊದಲು ಹೇಳುವುದು ಕೋಣೆಯ ವಿಚಾರವನ್ನಲ್ಲ. ಅಡುಗೆಯ ಪಟ್ಟಿ ಮಾಡಿ, ಪ್ರತಿ ಸಾಮಾನಿನ ಮುಂದೆ ಅದು ಯಾರ ಮನೆಯದು ಎಂದು ಬರೆಯಿರಿ. ಹಾಲು, ಸೊಪ್ಪು, ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಊರಿನವೇ ಆಗಲಿ. ಎಲ್ಲವನ್ನೂ ಸಾಗರದ ಪೇಟೆಯಿಂದ ತಂದರೆ ಅತಿಥಿ ಕೊಟ್ಟ ಹಣ ಮರುದಿನವೇ ಸಾಗರಕ್ಕೆ ವಾಪಸ್. ತೊಡೆದೇವು ಮಾಡಬಲ್ಲ ಅಜ್ಜಿ ಪಕ್ಕದ ಮನೆಯಲ್ಲಿರುವಾಗ ಬೇಕರಿ ಬಿಸ್ಕತ್ತು ಯಾಕೆ?

ಎರಡನೆಯದು, ಅತಿಥಿಯನ್ನು ರಾತ್ರಿ ಉಳಿಸಿಕೊಳ್ಳುವುದು. ಸೇತುವೆ ಇಲ್ಲದೆ ಲಾಂಚ್‌ನಲ್ಲಿ ಹಿನ್ನೀರು ದಾಟುತ್ತಿದ್ದ ಕಾಲದಲ್ಲಿ ಸರದಿಗೆ ಕಾದವರು ಚಹಾ ಕುಡಿದಾದರೂ ಹೋಗುತ್ತಿದ್ದರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು; ನಮಗೆ ಆಸ್ಪತ್ರೆ ಹತ್ತಿರವಾಯಿತು, ಅದರ ಬೆಲೆ ನಮಗೇ ಗೊತ್ತು. ಆದರೆ ಪ್ರವಾಸಿಗರೂ ದೇವಿಯ ದರ್ಶನ ಮುಗಿಸಿ ಅದೇ ವೇಗದಲ್ಲಿ ಜೋಗಕ್ಕೆ ಹೊರಟುಬಿಡುತ್ತಾರೆ. ಆದ್ದರಿಂದ ಕಾರಿನಿಂದ ಕಾಣದ್ದನ್ನು ತೋರಿಸಿ: ಬೆಳಗಿನ ಹಕ್ಕಿಗಳು, ಅಡಿಕೆ ಸುಲಿಯುವ ಚಪ್ಪರ. ಬೇಸಿಗೆಯಲ್ಲಿ ನೀರು ಇಳಿದರೆ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದಾಗ ಅದು ಮುಳುಗಿತು, ಜೊತೆಗೆ ಎಷ್ಟೋ ಊರುಗಳೂ ಮುಳುಗಿದವು. ಆ ಕಥೆಯನ್ನು ಒಕ್ಕಲೆಬ್ಬಿಸಿಕೊಂಡ ಮನೆತನದ ಹಿರಿಯರಿಂದಲೇ ಹೇಳಿಸಿ, ಮತ್ತು ಅವರಿಗೆ ಸಂಭಾವನೆ ಕೊಡಿ. ಪುಕ್ಕಟೆ ಕಥೆ ಹೇಳಿಸಿಕೊಳ್ಳುವ ಚಾಳಿ ನನಗೆ ಸರಿಬರುವುದಿಲ್ಲ.

ಆದರೆ ಅದೇ ಬೇಸಿಗೆಯಲ್ಲಿ, ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯವೂ ಇರುತ್ತದೆ. ಮಂಗ ಸತ್ತ ಸುದ್ದಿ ಬಂದರೆ ಕಾಡಿನ ನಡಿಗೆ ರದ್ದು ಮಾಡಿ, ಕಾರಣವನ್ನು ಅತಿಥಿಗೆ ನೇರವಾಗಿ ಹೇಳಿ. ಉಣುಗು ಬುಕಿಂಗ್ ನೋಡಿ ಕಚ್ಚುವುದಿಲ್ಲ. ದೋಣಿಗೆ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ಈಜು ಬಲ್ಲವರೆಂದು ನೀರಿಗಿಳಿಯಲೂ ಬಿಡಬೇಡಿ, ಒಳಗೆ ಮುಳುಗಿದ ಮರಗಳ ಬೊಡ್ಡೆಗಳಿವೆ.

ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಅತಿಥಿಗಳ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು; ಈ ಅರ್ಜಿಗೆ ಹಿಂದೆ ‘ಫಾರ್ಮ್ ಸಿ’ ಎನ್ನುತ್ತಿದ್ದರು.

ಸಾಲದ ವಿಷಯ. ಇರುವ ಮನೆಯ ಎರಡು ಕೋಣೆ ಸರಿಮಾಡಿಕೊಂಡು ಶುರುಮಾಡಿ. ಮಳೆ ಜಾಸ್ತಿಯಾಗಿ ರಸ್ತೆ ಕುಸಿದರೂ, ಮಳೆ ಕಡಿಮೆಯಾಗಿ ಜೋಗ ಸೊರಗಿದರೂ ಬುಕಿಂಗ್ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ಆಳು ಸಾಲದಿದ್ದರೆ ಅತಿಥಿಗಳಿಗೆ ಬೇಡವೆನ್ನಿ. ತೋಟವನ್ನು ಅಡವಿಟ್ಟು ಕಾಟೇಜು ಕಟ್ಟುವವರಿಗೆ ನಾನು ಸಲಹೆ ಕೊಡುವುದನ್ನೇ ಬಿಟ್ಟಿದ್ದೇನೆ.