ಜಾತ್ರೆಗೂ ಮೊದಲೇ ಹಾಡು ಜನರ ಬಾಯಲ್ಲಿರಬೇಕು

ಬನಹಟ್ಟಿಯ ನಮ್ಮ ಓಣಿಯಲ್ಲಿ ನನ್ನದೊಂದು ಸಣ್ಣ ರೆಕಾರ್ಡಿಂಗ್ ಕೋಣೆ ಇದೆ. ಜಾನಪದ ಆಲ್ಬಮ್ ಹಾಡು, ಭಜನಾ ಪದ, ದೇವರ ಹಾಡು, ಎಲ್ಲ ಮಾಡುತ್ತೇನೆ. ಹೋಳಿಯಿಂದ ಕಾರಹುಣ್ಣಿಮೆಯವರೆಗೆ ನಮಗೆ ಸುಗ್ಗಿ. ಕಬ್ಬಿನ ಹಂಗಾಮು ಮುಗಿದು ಗ್ಯಾಂಗಿನವರು ಊರಿಗೆ ಮರಳಿರುತ್ತಾರೆ, ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುತ್ತದೆ, ಮದುವೆ, ಜಾತ್ರೆ, ರಸಮಂಜರಿ ಒಂದರ ಬೆನ್ನಿಗೆ ಒಂದು. ಫೆಬ್ರುವರಿ ಕಳೆಯುವಷ್ಟರಲ್ಲಿ ಫೋನು ಶುರು: "ಅಣ್ಣಾ, ಈ ಸಲದ ಹಾಡ ಯಾವಾಗ ಬಿಡ್ತೀರಿ?" ಕೇಳುವವರಲ್ಲಿ ಟ್ರ್ಯಾಕ್ಟರ್ ಡ್ರೈವರುಗಳೇ ಹೆಚ್ಚು. ನಮ್ಮ ಹಾಡುಗಳ ಮೇಲೆ ಅವರಿಗಿರುವಷ್ಟು ಪ್ರೀತಿ ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಹೊಸ ಹಾಡನ್ನು ಜಾತ್ರೆಯ ರಾತ್ರಿ ವೇದಿಕೆಯಲ್ಲೇ ಮೊದಲು ಹಾಡಿಸಬೇಕು ಎಂದು ಕೆಲವು ಗಾಯಕರು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಪಲ್ಲವಿ ಬಂದ ಕೂಡಲೇ ಮೈಕು ಜನರತ್ತ ತಿರುಗಿಸಿದರೆ ಅವರು ಪೂರ್ತಿ ಹಾಡಬೇಕು. ಕಾದು ಕೂತ ಅಭಿಮಾನಿಗೆ ಬೇಕಾಗಿರುವುದೂ ಅದೇ. ಅದಕ್ಕೆ ಹದಿನೈದು ದಿನದ ಅಂತರ ಸಾಕು. ಸವದತ್ತಿ ಯಲ್ಲಮ್ಮನ ಹಾಡಿಗೆ ಪಂಚಾಂಗವೇ ದಾರಿ ತೋರಿಸುತ್ತದೆ. ಯುಗಾದಿ ಚೈತ್ರದ ಪಾಡ್ಯ, ದವನದ ಹುಣ್ಣಿಮೆ ಅದೇ ಚೈತ್ರದ ಹುಣ್ಣಿಮೆ. ಪಾಡ್ಯಕ್ಕೆ ಬಿಟ್ಟ ಹಾಡು ಗುಡ್ಡಕ್ಕೆ ಹೊರಟ ಗಾಡಿಗಳಲ್ಲೆಲ್ಲ ಕೇಳುತ್ತದೆ. ಇದಕ್ಕಿಂತ ತಿಂಗಳು ಮೊದಲೇ ಬಿಟ್ಟರೆ ಜಾತ್ರೆ ಬರುವಷ್ಟರಲ್ಲಿ ಮತ್ತೊಬ್ಬರ ಹಾಡು ಜಾಗ ಹಿಡಿದಿರುತ್ತದೆ. ಬಸವ ಜಯಂತಿಯ ಸುತ್ತ ಮದುವೆಗಳ ಭರಾಟೆ. ಕುಣಿಯುವ ಹಾಡುಗಳನ್ನು ಅದಕ್ಕೆ ಇಟ್ಟುಕೊಳ್ಳುತ್ತೇನೆ.

ಸಾಹಿತ್ಯವನ್ನೂ ಬಯಲಿಗೆ ಹೊಂದುವಂತೆ ತಿದ್ದಬೇಕು. ಈ ಸಲದ ಪಲ್ಲವಿ ಮೊದಲು "ತೇರಿನ ಮಿಣಿ ಹಿಡದ ನಿಂತಾಳ ಗೆಳತಿ" ಎಂದಿತ್ತು. ಭಾವಕ್ಕೆ ಕೊರತೆಯಿಲ್ಲ. ಆದರೆ ಕೊನೆಯ "ತಿ" ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ನೂರಾರು ಜನ ಅದನ್ನು ಹಿಡಿದು ಎಳೆಯಲಾರರು. ಹಾಡುವ ಕಾಕಾ ಒಮ್ಮೆ ಗುನುಗಿ, "ತಮ್ಮಾ, ನಿಂತಾಳೋ ಅಂತ ಮುಗಸೂಣು, ಮಂದಿ ಎತ್ತಿಕೊಳ್ತೈತಿ" ಅಂದರು. "ಮಿಣಿ ಹಿಡದ ನಿಂತಾಳೋ, ಗೆಳತಿ ನಿಂತಾಳೋ" ಎಂದಾಯಿತು. "ಓ" ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ.

ಪದಗಳ ನಡುವೆ ಉಸಿರಿಗೆ ಜಾಗವೂ ಬೇಕು. ಜಾತ್ರೆಯಲ್ಲಿ ಬೀದಿಯುದ್ದಕ್ಕೂ ಬಾಕ್ಸ್ ಕಟ್ಟಿರುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹತ್ತಿರದ ಬಾಕ್ಸಿಗಿಂತ 34 ಮೀಟರ್ ಆಚೆಗಿರುವ ಬಾಕ್ಸಿನ ಸದ್ದು ನಿಮ್ಮ ಕಿವಿಗೆ 0.1 ಸೆಕೆಂಡು ತಡವಾಗಿ ಮುಟ್ಟುತ್ತದೆ. ನಿಮಿಷಕ್ಕೆ 100 ಪೆಟ್ಟಿನ ಹಾಡಿನಲ್ಲಿ ಎರಡು ಪೆಟ್ಟುಗಳ ನಡುವೆ ಇರುವುದೇ 0.6 ಸೆಕೆಂಡು. ಇಲ್ಲಿ ಪಟಪಟನೆ ಪದ ತುರುಕಿದರೆ ಹಿಂದೆ ನಿಂತವರಿಗೆ ಒಂದೂ ತಿಳಿಯುವುದಿಲ್ಲ.

ಇನ್ನು ರೆಕಾರ್ಡಿಂಗ್. ಬನಹಟ್ಟಿಯಲ್ಲಿ ಹಗಲೆಲ್ಲ ಪವರ್‌ಲೂಮ್ ಸದ್ದು. ಗೋಡೆಗೆ ಎಷ್ಟೇ ದಪ್ಪ ಗಾದಿ ಬಡಿದರೂ ಆ ಖಟಖಟ ನೆಲದಿಂದ ಮೈಕಿಗೆ ಏರುತ್ತದೆ. ಹಾಗಾಗಿ ಕರೆಂಟ್ ಹೋಗುವುದನ್ನೇ ಕಾಯುತ್ತೇನೆ. ಲೂಮ್‌ಗಳು ನಿಲ್ಲುತ್ತವೆ, ನನ್ನ ಲ್ಯಾಪ್‌ಟಾಪು, ಮೈಕು ಇನ್ವರ್ಟರ್ ಮೇಲೆ ನಡೆಯುತ್ತವೆ. ಆ ಹೊತ್ತಿಗೆ ಗಾಯಕರು ಪಕ್ಕದ ಮನೆಯಲ್ಲಿ ಚಹಾ ಕುಡಿಯುತ್ತ ತಯಾರಿರುತ್ತಾರೆ.

ಹಲಗಿಯನ್ನು ಮಾತ್ರ ಕೀಬೋರ್ಡಿನಿಂದ ತೆಗೆಯುವುದಿಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಹಲಗಿ ಮಜಲು ಕೇಳಿ ಬೆಳೆದವರ ಕಿವಿಗೆ ಅಸಲಿ ಯಾವುದು, ನಕಲಿ ಯಾವುದು ತಕ್ಷಣ ಗೊತ್ತಾಗುತ್ತದೆ. ಹಲಗಿಯವರನ್ನೇ ಕರೆಸುತ್ತೇನೆ. ಬೇಸಿಗೆಯೆಂದು ಕೋಣೆಯಲ್ಲಿ ಕೂಲರ್ ಹಚ್ಚಿದರೆ ಕೆಲಸ ಕೆಡುತ್ತದೆ. ಕೂಲರಿನ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ತೊಗಲು ಅದನ್ನು ಹೀರಿ ಸಡಿಲಾಗುತ್ತದೆ, ಪೆಟ್ಟು ಮಂಕಾಗುತ್ತದೆ. ಕೂಲರ್ ಬಂದ್ ಮಾಡಿ, ಅಂಗಳದಲ್ಲಿ ಒಂದಿಷ್ಟು ಕಾಗದ ಹಚ್ಚಿ ಹಲಗಿ ಕಾಯಿಸುತ್ತಾರೆ. ಬೆರಳ ತುದಿಯಿಂದ ತಟ್ಟಿ ನೋಡುತ್ತ, "ಟಣ್" ಎಂದ ಕೂಡಲೇ ಒಳಗೆ ಓಡಿಬರುತ್ತಾರೆ. ಬೆವರು ಹರಿಯುತ್ತಿದ್ದರೂ ಬಾರಿಸುವ ಆ ಕೈಗಳನ್ನು ನೋಡಿದರೆ ಹಾಡಿನ ಅರ್ಧ ಜೀವ ಅಲ್ಲಿದೆ ಎನಿಸುತ್ತದೆ.

ಮಿಕ್ಸಿಂಗ್ ಮಾಡುವಾಗ ಎರಡು ಕಡೆ ಗಮನ ಇಡಬೇಕು. ಹಾಡು ಮೊದಲು ಮುಟ್ಟುವುದು ಮೊಬೈಲಿಗೆ. ಅದರ ಪುಟ್ಟ ಸ್ಪೀಕರಿನಲ್ಲಿ ಡೋಲಕಿಯ ಎಡಗೈ ಗುಮ್ಮು ಹೊರಡುವುದೇ ಇಲ್ಲ. ಆ ಟ್ರ್ಯಾಕಿಗೆ ತುಸು ಸ್ಯಾಚುರೇಶನ್ (ಹದವಾದ ಒಡಕು) ಕೊಟ್ಟರೆ ಮೇಲಿನ ಹಾರ್ಮೋನಿಕ್, ಅಂದರೆ ಅದೇ ನಾದದ ಎತ್ತರದ ಮರಿದನಿಗಳು, ಹುಟ್ಟುತ್ತವೆ, ಅವನ್ನು ಕೇಳಿ ಕಿವಿಯೇ ಕೆಳಗಿನ ಗುಮ್ಮನ್ನು ತುಂಬಿಕೊಳ್ಳುತ್ತದೆ. ಆಮೇಲೆ ಟ್ರ್ಯಾಕ್ಟರ್ ಮತ್ತು ವೇದಿಕೆಯ ಬಾಕ್ಸು. ಅಲ್ಲಿ ಎಷ್ಟೋ ಸಲ ವೈರಿಂಗ್ ಮೋನೊ, ಎಡ-ಬಲ ಎರಡೂ ಸೇರಿ ಒಂದೇ ಸದ್ದು. ಎಡ-ಬಲಕ್ಕೆ ಅತಿಯಾಗಿ ಹರಡಿದ ಕೋರಸ್ ಮೋನೊದಲ್ಲಿ ಮಾಯವಾಗಬಹುದು, ಅದಕ್ಕೆ ಮೋನೊ ಬಟನ್ ಒತ್ತಿ ಕೇಳದೆ ಫೈಲು ಹೊರಗೆ ಕೊಡುವುದಿಲ್ಲ. 40 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಬಿಡುತ್ತೇನೆ, ಆ ಬಾಕ್ಸುಗಳು ಅದನ್ನು ನುಡಿಸಲಾರವು, ಆಂಪ್ಲಿಫೈಯರ್ ಬಿಸಿಯಾಗುವುದಷ್ಟೇ. "ಇನ್ನೂ ಜೋರ್ ಮಾಡ್ರಿ" ಎಂಬ ಬೇಡಿಕೆ ಯಾವಾಗಲೂ ಇರುತ್ತದೆ. ಯೂಟ್ಯೂಬ್ ಜೋರಾದ ಹಾಡನ್ನು ತಾನೇ ಸುಮಾರು ಮೈನಸ್ 14 ಲಫ್ಸ್‌ಗೆ (ಲಫ್ಸ್ ಅಂದರೆ ಕಿವಿಗೆ ಕೇಳುವ ಜೋರಿನ ಅಳತೆ, LUFS) ಇಳಿಸುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದರೆ ಹಲಗಿಯ ಚುರುಕು ಹೋಗುತ್ತದೆ, ಸದ್ದು ಹೆಚ್ಚುವುದಿಲ್ಲ.

ಕೊನೆಯ ಪರೀಕ್ಷೆ ಡ್ರೈವರ್ ಹುಡುಗರದು. ಪರಿಚಯದ ಒಬ್ಬನ ಟ್ರ್ಯಾಕ್ಟರಿಗೆ ಪೆನ್‌ಡ್ರೈವ್ ಹಾಕಿ, ಎಂಜಿನ್ ಚಾಲೂ ಇಟ್ಟು ಜಮಖಂಡಿ ರಸ್ತೆಯಲ್ಲಿ ಒಂದು ಸುತ್ತು ಹೋಗುತ್ತೇವೆ. ಎಂಜಿನ್ ಸದ್ದಿನ ಮೇಲೂ ಸಾಹಿತ್ಯ ತಿಳಿಯಬೇಕು. "ಎರಡನೇ ನುಡಿ ತಿಳಿವಲ್ದು ಅಣ್ಣಾ" ಎಂದನೆಂದರೆ ಮರಳಿ ಬಂದು ದನಿಯ 3 ಕಿಲೋಹರ್ಟ್ಸ್ ಸುತ್ತಮುತ್ತ ಸ್ವಲ್ಪ ಎತ್ತುತ್ತೇನೆ.

ಹಾಡಿನ ಉದ್ದ ನಾಲ್ಕೂವರೆ ನಿಮಿಷ ದಾಟಿಸುವುದಿಲ್ಲ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಕಾಲದಲ್ಲಿ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದೇ ಮೂರು ನಿಮಿಷದ ಆಸುಪಾಸು. ಅಷ್ಟರಲ್ಲೇ ಅವರೆಲ್ಲ ಎಂಥ ಹಾಡು ಕಟ್ಟಿಕೊಟ್ಟರು!

ವೇದಿಕೆಗೆ ಮೈನಸ್ ಟ್ರ್ಯಾಕ್ (ಗಾಯಕರ ದನಿಯಿಲ್ಲದ ಬರೀ ವಾದ್ಯದ ಟ್ರ್ಯಾಕ್) ಎರಡು ಪಟ್ಟಿಯಲ್ಲಿ, ಅಂದರೆ ಎರಡು ಶ್ರುತಿಯಲ್ಲಿ, ಕೊಡುತ್ತೇನೆ: ರೆಕಾರ್ಡಿಂಗಿನದೊಂದು, ಅದಕ್ಕಿಂತ ಅರ್ಧ ಸ್ವರ ಕೆಳಗಿನದೊಂದು. ಏಪ್ರಿಲ್ ಸೆಕೆಯಲ್ಲಿ, ಧೂಳಿನಲ್ಲಿ ಸಾಲು ಸಾಲು ಕಾರ್ಯಕ್ರಮ ಮಾಡಿದ ಗಂಟಲಿಗೆ ಅದು ಆಸರೆ. ಹೊಸ ಹಾಡನ್ನು ಒಂಬತ್ತರ ಹೊತ್ತಿಗೇ ಹಾಡಿಸಿ ಎಂದು ಕಮಿಟಿಯವರಿಗೆ ಮೊದಲೇ ಹೇಳಿರುತ್ತೇನೆ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬದ ವಿಶೇಷ ದಿನಗಳಿಗೆ ಸರ್ಕಾರ ಸಡಿಲಿಕೆ ಕೊಟ್ಟರೂ 12ರವರೆಗೆ ಮಾತ್ರ, ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ. ಕೊನೆಗೆ ಹಾಡೋಣವೆಂದು ಇಟ್ಟುಕೊಂಡ ಹಾಡಿಗೆ ಮೈಕ್ ಬಂದ್ ಆದರೆ, ಅದಕ್ಕೆಂದೇ ದೂರದೂರದಿಂದ ಬೈಕಿನಲ್ಲಿ ಬಂದವರು ಬರಿಗೈಲಿ ಹೋಗಬೇಕಾಗುತ್ತದೆ.

ಬಿಡುಗಡೆಗೆ ಮೊದಲು ಬರೆದವರು, ಹಾಡಿದವರು, ಬಾರಿಸಿದವರು ಎಲ್ಲರ ಹೆಸರು ಮತ್ತು ಯಾರಿಗೆಷ್ಟು ಪಾಲು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸುತ್ತೇನೆ. ಹಲಗಿಯವರ ಹೆಸರು ವಿಡಿಯೊದಲ್ಲಿ ಗಾಯಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಇದನ್ನು ಒಪ್ಪದವರ ಹಾಡು ನಾನು ಮಾಡುವುದಿಲ್ಲ.