ಕರೆಂಟ್ ಬಿದ್ದ ಮೂಳೆ ಬೆಳ್ಳಗಾಗುತ್ತದೆ

ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನನ್ನದು ಎಂಆರ್‌ಐ ಕೆಲಸ. ಗರ್ಭಕೊರಳಿನ ಕ್ಯಾನ್ಸರ್‌ಗೆ ರೇಡಿಯೇಷನ್ (ರೋಗಿಗಳ ಬಾಯಲ್ಲಿ 'ಕರೆಂಟ್') ತಗೊಂಡವರ ಮೂಳೆಮಜ್ಜೆ ಏನಾಗುತ್ತದೆ ಅಂತ ನೋಡುವ ಸಣ್ಣ ಅಧ್ಯಯನವೊಂದಿತ್ತು. ಸ್ಕ್ಯಾನ್ ಮಾಡಿ ಅಳತೆ ತೆಗೆಯುವುದು ನನ್ನ ಪಾಲಿಗೆ ಬಂತು.

ದೊಡ್ಡವರಲ್ಲಿ ರಕ್ತ ತಯಾರಿಸುವ ಕೆಂಪು ಮಜ್ಜೆಯ ಸುಮಾರು ಅರ್ಧ ಸೊಂಟದ ಮೂಳೆ, ಕೆಳಬೆನ್ನಿನಲ್ಲೇ ಇದೆ. ಇವರಿಗೆ 45ರಿಂದ 50 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಬೀಳುವುದೂ ಅಲ್ಲೇ. ಮೇಲಿಂದ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಿ. ಬಿಳಿ ರಕ್ತಕಣ ಇಳಿದು ಕೀಮೋ ಮುಂದಕ್ಕೆ ಹಾಕಬೇಕಾಗುವುದು ಸುಮ್ನೆ ಅಲ್ಲ.

ಮೊದಲ ದಿನ ಕೋಲಾರದ ಕಡೆಯ ಒಬ್ಬ ಅಮ್ಮ ಕೇಳಿದರು: "ಇದ್ರಲ್ಲೂ ಕರೆಂಟ್ ಕೊಡ್ತೀರಾ ಸಾರ್?"

"ಇಲ್ಲಮ್ಮ, ಬರೀ ಫೋಟೊ. ಸದ್ದು ಜಾಸ್ತಿ, ಅಷ್ಟೆ."

ಟಿ1 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಕೊಬ್ಬು ಬಿಳಿ, ಕೆಂಪು ಮಜ್ಜೆ ಬೂದು. ಆದರೆ ಕಣ್ಣಂದಾಜು ಸಾಲದು. ಅದಕ್ಕೆ ಡಿಕ್ಸನ್ ಅನ್ನುವ ವಿಧಾನ ಬಳಸಿದೆವು. 1.5 ಟೆಸ್ಲಾ ಶಕ್ತಿಯ ಮೆಷಿನ್ನಿನಲ್ಲಿ ನೀರಿನ ಸಿಗ್ನಲ್‌ಗೂ ಕೊಬ್ಬಿನ ಸಿಗ್ನಲ್‌ಗೂ ಸುಮಾರು 220 ಹರ್ಟ್ಸ್ ವ್ಯತ್ಯಾಸ. ಅದನ್ನು ಹಿಡಿದು ಎರಡನ್ನೂ ಬೇರೆ ಮಾಡಿದರೆ, ಎಷ್ಟು ಪಾಲು ಕೊಬ್ಬು ಅಂತ ಸಂಖ್ಯೆಯೇ ಸಿಗುತ್ತದೆ. ಕೆಂಪು ಮಜ್ಜೆಯಲ್ಲೂ ಸುಮಾರು 40% ಕೊಬ್ಬಿರುತ್ತದೆ, ಹಳದಿ ಮಜ್ಜೆಯಲ್ಲಿ 80%. ರೇಡಿಯೇಷನ್ ಬಿದ್ದ ಕಡೆ ಕೆಂಪು ಮಜ್ಜೆ ಹೋಗಿ ಕೊಬ್ಬು ತುಂಬಿಕೊಳ್ಳುತ್ತದೆ.

ಎಡವಿದ್ದು ಬೆನ್ನಿನ ಮಣಿಗಳ ಎಣಿಕೆಯಲ್ಲಿ. ನಮ್ಮ ರೋಗಿಗಳಲ್ಲಿ ರೇಡಿಯೇಷನ್ನಿನ ಮೇಲಂಚು ಕೆಳಬೆನ್ನಿನ ಕೊನೆಯ ಎರಡು ಮಣಿಗಳಾದ ಎಲ್4 ಮತ್ತು ಎಲ್5ರ ನಡುವೆ. ಎಲ್5ರಲ್ಲಿ ಕೊಬ್ಬು ಏರಬೇಕು, ಎಲ್4ರಲ್ಲಿ ಅಷ್ಟಾಗಿ ಏರಬಾರದು. ಒಬ್ಬರಲ್ಲಿ ಎರಡನೇ ಸಲ ಎಲ್5 ಹಾಗೇ ಇತ್ತು! ಎರಡು ದಿನ ಮೆಷಿನ್ನನ್ನೇ ಬೈದೆ. ನೋಡಿದರೆ ಅವರ ಕೊನೆಯ ಮಣಿ ತ್ರಿಕಾಸ್ಥಿಗೆ (ಬೆನ್ನೆಲುಬಿನ ಬುಡದ ಮೂಳೆಗೆ) ಅಂಟಿಕೊಂಡಿತ್ತು. ಮೊದಲ ಸಲ ಅದನ್ನು ಎಲ್5 ಅಂದಿದ್ದೆ, ಆಮೇಲೆ ಅದರ ಮೇಲಿನದನ್ನು. ಅಂದಿನಿಂದ ಕತ್ತಿನವರೆಗೂ ಒಂದು ಲೋಕಲೈಸರ್ (ಜಾಗ ಗುರುತಿಸುವ ಚಿತ್ರ) ತೆಗೆದು, ಮೇಲಿಂದ ಎಣಿಸುತ್ತೇನೆ. ಅಳತೆಯ ವೃತ್ತವನ್ನು ಮಣಿಯ ಹಿಂಭಾಗದ ರಕ್ತನಾಳದಿಂದಲೂ ದೂರ ಇಡುತ್ತೇನೆ.

ಮೊದಲ ವಾರಗಳಲ್ಲಿ ಸ್ಟಿರ್ ಅನ್ನುವ, ಕೊಬ್ಬನ್ನು ಮಂಕು ಮಾಡುವ ಚಿತ್ರದಲ್ಲಿ ಊತ ಹೊಳೆಯಬಹುದು. ಅದನ್ನು ಕ್ಯಾನ್ಸರ್ ಹರಡಿದೆ ಅಂತ ಓದಿಬಿಟ್ಟರೆ ಕಷ್ಟ, ಅಲ್ವಾ?

ಮೂರು ತಿಂಗಳ ಸ್ಕ್ಯಾನ್‌ಗೆ ಕೋಲಾರದ ಅಮ್ಮ ಬಂದರು. ಮಣಿಗಳ ಸಾಲಿನಲ್ಲಿ ಅಡ್ಡಗೆರೆ ಎಳೆದ ಹಾಗಿತ್ತು: ಮೇಲೆ ಬೂದು, ಕೆಳಗೆ ಬಿಳಿ. ನೋಡಬೇಕು ಅಂದರು, ತೋರಿಸಿದೆ.

"ಇಲ್ಲಿಂದ ಕೆಳಕ್ಕೆ ಸುಣ್ಣ ಹೊಡ್ದಂಗೈತಲ್ಲ ಸಾರ್," ಅಂದರು.